ಗೇಟಿನೊಳಗಿನ ಅಮೆರಿಕದ ಚುನಾವಣೆ

ರಿಯಾದ್‌ನಲ್ಲಿ ಒಂದು ಗೇಟು ದಾಟಿದರೆ ಅಮೆರಿಕ ಬರುತ್ತದೆ. ಮೊದಲ ದಿನ ನನಗೆ ಇದನ್ನು ನಂಬಲಾಗಲಿಲ್ಲ. ಹೊರಗೆ ಮರಳು ಬಣ್ಣದ ಎತ್ತರದ ಗೋಡೆ, ಅದರ ಮೇಲೆ ಮುಳ್ಳುತಂತಿ, ಬಂದೂಕು ಹಿಡಿದ ಕಾವಲಿನವರು, ವ್ಯಾನಿನ ಅಡಿಗೆ ಕನ್ನಡಿ ಹಿಡಿದು ಬಾಂಬು ಹುಡುಕುವವರು. ನನ್ನ ಇಕಾಮಾವನ್ನು, ಅಂದರೆ ಈ ದೇಶದಲ್ಲಿ ಇರಲು ಕೊಟ್ಟ ಪರವಾನಗಿ ಕಾರ್ಡನ್ನು, ಅವರು ಇಟ್ಟುಕೊಂಡು ಕೊರಳಿಗೆ ಹಾಕಿಕೊಳ್ಳಲು ಬೇರೊಂದು ಕಾರ್ಡು ಕೊಟ್ಟರು. ಒಳಗೆ ಹೋದರೆ ಹುಲ್ಲುಹಾಸು, ಈಜುಕೊಳ, ಚಡ್ಡಿ ಹಾಕಿಕೊಂಡು ನಾಯಿಯ ಜೊತೆ ಓಡುತ್ತಿರುವ ಹೆಂಗಸರು. ಮೈಮೇಲಿನ ಅಬಾಯಾ, ಇಲ್ಲಿ ಹೆಂಗಸರು ಹಾಕುವ ಕಪ್ಪು ನಿಲುವಂಗಿ, ತೆಗೆಯಬೇಕೋ ಬೇಡವೋ ತಿಳಿಯದೆ ಅರ್ಧ ಬಿಚ್ಚಿಕೊಂಡು ಪೆದ್ದಿಯ ಹಾಗೆ ನಿಂತಿದ್ದೆ.

ನಾನು ಐರಿನ್, ಉಡುಪಿಯ ಕಡೆಯವಳು, ನರ್ಸು. ವಿದೇಶಿ ಕುಟುಂಬಗಳಿರುವ ಇಂಥ ಬಡಾವಣೆಗೆ ಇಲ್ಲಿ ಕಂಪೌಂಡ್ ಎನ್ನುತ್ತಾರೆ. ಅದರೊಳಗಿನ ಸಣ್ಣ ಕ್ಲಿನಿಕ್‌ನಲ್ಲಿ ನನ್ನ ಕೆಲಸ. ಮನೆ ಮಾತ್ರ ಗೇಟಿನ ಹೊರಗೆ, ಊರೊಳಗಿನ ಮಲಾಜ್‌ನಲ್ಲಿ. ಅಲ್ಲಿ ಮಲಯಾಳಿ ಹೋಟೆಲಿನ ಪರೋಟದ ವಾಸನೆ ಬೆಳಗಾಗುವ ಮೊದಲೇ ಕಿಟಕಿಗೆ ಬರುತ್ತದೆ, ಮೇಲಿನ ಮನೆಯ ಸುಡಾನಿ ಮಕ್ಕಳು ಮೆಟ್ಟಿಲ ಮೇಲೆ ಚೆಂಡಾಡುತ್ತಾರೆ, ನೀರಿನ ಟ್ಯಾಂಕರ್ ಬಾರದ ದಿನ ಎಲ್ಲರೂ ಒಂದೇ ಭಾಷೆಯವರಂತೆ ಬೈಯುತ್ತೇವೆ. ಗಂಡ ರಾಸ್ ಅಲ್ ಖೈರ್‌ನಲ್ಲಿ, ಸಮುದ್ರದ ನೀರನ್ನು ಸಿಹಿ ಮಾಡುವ ಸ್ಥಾವರದಲ್ಲಿದ್ದಾರೆ. ಅವರ ಕ್ಯಾಂಪಿನಲ್ಲಿ ಹೆಂಡತಿ ಮಕ್ಕಳಿಗೆ ಜಾಗವಿಲ್ಲ. ಹತ್ತನೇ ತರಗತಿಯ ಮಗಳು ನನ್ನ ಇಕಾಮಾದ ಮೇಲೆ ನನ್ನ ಜೊತೆಗಿದ್ದಾಳೆ. ನನ್ನ ಕೆಲಸ ಹೋದರೆ ನಾವಿಬ್ಬರೂ ವಿಮಾನ ಹತ್ತಬೇಕು, ಅವಳ ಪರೀಕ್ಷೆಗೆ ಕಾಯುವವರು ಯಾರೂ ಇಲ್ಲ. ಇದೊಂದು ನೆನಪಿಟ್ಟುಕೊಂಡರೆ ಮುಂದಿನ ನನ್ನ ಹೆದರಿಕೆ ನಿಮಗೆ ಅರ್ಥವಾಗುತ್ತದೆ.

ಕ್ಲಿನಿಕ್‌ಗೆ ತಪ್ಪದೆ ಬರುತ್ತಿದ್ದವರು ಕಾರ್ಲ್. ಅರವತ್ತು ದಾಟಿದ ಅಮೆರಿಕದ ಎಂಜಿನಿಯರ್, ಒಂಟಿ ಮನುಷ್ಯ, ಸಕ್ಕರೆ ಕಾಯಿಲೆ. ಕಾಲಿನಲ್ಲಿ ಮಾಯದ ಒಂದು ಹುಣ್ಣು. ಮುಲಾಮು ಹಚ್ಚಿ ಬ್ಯಾಂಡೇಜು ಕಟ್ಟುವವಳು ನಾನು. ರೋಗಿಯನ್ನು ಮುಟ್ಟುವ ಮೊದಲು, ಅವರು ಎಷ್ಟೇ ಪರಿಚಯದವರಾಗಿರಲಿ, ಹೆಸರು ಮತ್ತು ಹುಟ್ಟಿದ ದಿನವನ್ನು ಅವರ ಬಾಯಿಂದಲೇ ಕೇಳಬೇಕು ಎಂಬುದು ನಮ್ಮ ಕೆಲಸದ ನಿಯಮ. ಊರಿನಲ್ಲಿ ಗುರುತಿನವರಿಗೆ ಹೀಗೆ ಕೇಳಿದರೆ ಮನೆಗೆ ಹೋಗಿ ನಮ್ಮ ಅಮ್ಮನ ಹತ್ತಿರ ಚಾಡಿ ಹೇಳಿಯಾರು. ಕಾರ್ಲ್ ಮಾತ್ರ ದಿನಕ್ಕೊಂದು ಸಿನಿಮಾ ನಟನ ಹೆಸರು ಹೇಳಿ ನನ್ನನ್ನು ನಗಿಸಿ, ಆಮೇಲೆ ಸರಿಯಾದದ್ದು ಹೇಳುತ್ತಿದ್ದರು. ಕ್ರಿಸ್‌ಮಸ್‌ಗೆ ನಾನು ಮಾಡಿದ ಕುಸ್ವಾರ್ ತಿಂಡಿಗಳನ್ನು ತಿಂದು, ಕರ್ಜಿಕಾಯಿಯಂಥ ನೆವ್ರಿಯ ಒಳಗೆ ಏನಿದೆ ಎಂದು ಬಿಡಿಸಿ ನೋಡಿದವರು ಅವರು.

ಆಮೇಲೆ ಅವರ ದೇಶದ ಅಧ್ಯಕ್ಷರ ಚುನಾವಣೆ ಬಂತು.

ನಮ್ಮಲ್ಲಿ ಚುನಾವಣೆ ಎಂದರೆ ಕಿವಿಗೆ ಗೊತ್ತಾಗುತ್ತದೆ. ರಿಕ್ಷಾದ ಮೇಲೆ ಮೈಕು, ಓಣಿಯಲ್ಲಿ ಕೈಮುಗಿಯುವ ಗುಂಪು, ಚಹಾದಂಗಡಿಯಲ್ಲಿ ಜಗಳ. ಜಗಳಾಡಿದವನ ಮುಖ ಕಾಣುತ್ತದೆ, ಮರುದಿನ ಅವನೇ ಹಾಲು ತಂದು ಕೊಡುತ್ತಾನೆ. ಇಲ್ಲಿ ಮತದಾನವಿಲ್ಲದ ಊರಿನಲ್ಲಿ, ನನ್ನದಲ್ಲದ ದೇಶದ ಚುನಾವಣೆ, ಕ್ಲಿನಿಕ್‌ನ ಗೋಡೆಯ ಟಿವಿಯೊಳಗೆ ಸದ್ದಿಲ್ಲದೆ ನಡೆಯುತ್ತಿತ್ತು. ಗಡಿ ದಾಟಿ ಬರುವವರ ಸಾಲು, ಅವರ ಮುಖಕ್ಕೆ ಕ್ಯಾಮೆರಾ, ಕೆಳಗೆ ಕೆಂಪು ಅಕ್ಷರ. ಇವರು ಕೆಲಸ ಕದಿಯುತ್ತಾರೆ, ರೋಗ ತರುತ್ತಾರೆ, ಇವರ ಕಾಗದಪತ್ರಗಳೆಲ್ಲ ಸುಳ್ಳು. ಒಂದೇ ದೃಶ್ಯವನ್ನು ಬೆಳಗಿನಿಂದ ಸಂಜೆಯವರೆಗೆ ತಿರುಗಿಸಿ ತಿರುಗಿಸಿ ತೋರಿಸುತ್ತಿದ್ದರು. ಬೇರೆ ಚಾನೆಲ್ ಹಾಕಿದರೆ ಅಲ್ಲಿ ಹೀಗೆ ಹೇಳುವ ಪಕ್ಷದವರನ್ನೇ ಕಂಡು ಹೆದರಬೇಕು ಎನ್ನುವವರು. ಆ ಸಾಲಿನಲ್ಲಿ ನಿಂತವರ ಬಣ್ಣ ನನ್ನದೇ ಎಂಬುದು ನನಗೆ ತಡವಾಗಿ ಹೊಳೆಯಿತು.

ಕಾರ್ಲ್ ಒಮ್ಮೆಲೇ ಬದಲಾಗಲಿಲ್ಲ. ಮೊದಲು ನಗಿಸುವುದು ನಿಂತಿತು. ಆಮೇಲೆ ನಾನು ಕೈ ತೊಳೆಯುವುದನ್ನು ನೋಡುತ್ತ ಕೂರತೊಡಗಿದರು. ಒಂದು ದಿನ, "ನಿನ್ನ ಸರ್ಟಿಫಿಕೇಟು ನಿಜವಾದದ್ದೇ? ನಿಮ್ಮ ಕಡೆ ಕೊಂಡುಕೊಳ್ಳಬಹುದಂತೆ" ಎಂದರು. ತಮಾಷೆ ಇರಬೇಕೆಂದು ಮುಖ ನೋಡಿದೆ. ತಮಾಷೆ ಇರಲಿಲ್ಲ. ಮುಂದಿನ ವಾರ ನಿಯಮದಂತೆ ಹೆಸರು, ಹುಟ್ಟಿದ ದಿನ ಕೇಳಿದೆ.

"ನಾನು ಯಾರು ಎಂದು ನೀನು ಕೇಳುತ್ತೀಯಾ?" ಎಂದು ಎದ್ದು ನಿಂತರು. "ನೀನು ಯಾರು? ಎಲ್ಲಿಂದ ಬಂದವಳು?"

ಕಾಯುತ್ತಿದ್ದವರೆಲ್ಲ ನನ್ನ ಕಡೆ ತಿರುಗಿದರು. ಮೇಜಿನ ಮೇಲೆ ಅವರ ಇಕಾಮಾ ಇತ್ತು. ನನ್ನದೇ ಬಣ್ಣದ, ನನ್ನದೇ ಅಳತೆಯ ಕಾರ್ಡು. ಅವರೂ ನನ್ನ ಹಾಗೆ ಒಬ್ಬ ಕಫೀಲ್‌ನ, ಅಂದರೆ ವೀಸಾ ಕೊಟ್ಟ ಧಣಿಯ, ಹೆಸರಿನಲ್ಲಿ ಈ ದೇಶದಲ್ಲಿ ಇರುವವರು. ಅದನ್ನು ಹೇಳುವ ಧೈರ್ಯ ನನಗೆಲ್ಲಿಂದ ಬರಬೇಕು? ಸಾರಿ ಎಂದೆ.

ಅವರು ಲಿಖಿತ ದೂರು ಕೊಟ್ಟರು. ಮ್ಯಾನೇಜರ್ ಜೋರ್ಡಾನಿನವರು, ಕೆಟ್ಟವರಲ್ಲ. ಬಾಗಿಲು ಹಾಕಿಕೊಂಡು, "ಸಿಸ್ಟರ್, ನಿನ್ನ ತಪ್ಪಿಲ್ಲ ಎಂದು ನನಗೆ ಗೊತ್ತು. ಆದರೆ ಇನ್ನೊಂದು ದೂರು ಬಂದರೆ ನಿನ್ನ ಕರಾರು ಮುಂದುವರಿಸಲು ನನ್ನಿಂದಾಗದು" ಎಂದರು. ಆ ದಿನದಿಂದ ಕಂಪೌಂಡಿನ ಗೇಟಿನಲ್ಲಿ ಇಕಾಮಾ ಕೊಡುವಾಗಲೆಲ್ಲ ಇದು ಇನ್ನೆಷ್ಟು ದಿನ ಎಂದು ಲೆಕ್ಕ ಹಾಕುತ್ತಿದ್ದೆ. ಮಗಳು ಓದುತ್ತ ಕೂತರೆ ಅವಳ ಬೆನ್ನು ನೋಡಿ ಅಳು ಬರುತ್ತಿತ್ತು. ಅವಳಿಗೆ ಏನೂ ಹೇಳಲಿಲ್ಲ.

ನಮ್ಮ ವ್ಯಾನ್ ಓಡಿಸುವ ಹಮೀದ್ ಬಂಟ್ವಾಳದವನು, ಅವನ ಹೆಂಡತಿ ಇರುವುದು ನಮ್ಮ ಪೇಟೆಯಲ್ಲೇ. ಅವನಿಗೆ ಮಾತ್ರ ಹೇಳಿದೆ.

"ನೀವು ಎಂತಕ್ಕೆ ಹೆದರುವುದು ಮಾರಾಯ್ರೆ? ಓಟು ಮುಗಿದ ಮೇಲೆ ಎಲ್ಲ ತಣ್ಣಗಾಗ್ತದೆ" ಎಂದ ಅವನು.

"ಮುಗಿಯುವವರೆಗೆ ನನ್ನ ಕೆಲಸ ಉಳೀಬೇಕಲ್ಲ ಹಮೀದ್."

"ಅವರ ಎದುರು ಬೀಳ್ಬೇಡಿ. ಅವರು ಬರುವಾಗ ಒಳಗೆ ಹೋಗಿ ಎಂತಾದ್ರೂ ಜೋಡಿಸ್ತಾ ಇರಿ."

ಅಷ್ಟರಲ್ಲಿ ವ್ಯಾನಿಗೆ ಅಡ್ಡ ಬಂದ ಒಬ್ಬ ಆಫ್ರಿಕಾದವನನ್ನು, ಬಣ್ಣ ಹಿಡಿದೇ, ಹಮೀದ್ ಬೈದ. ಹಿಂದಿನ ಸೀಟಿನವರು ನಕ್ಕರು. ನಮ್ಮವರೂ ಏನು ಕಡಿಮೆ ಇಲ್ಲ. ಆದರೂ ಅವನ ಸಲಹೆಯನ್ನು ಪಾಲಿಸಿದೆ. ಕಾರ್ಲ್ ಬಂದರೆ ಉಗ್ರಾಣದ ಕೋಣೆಗೆ ಹೋಗಿ ಹತ್ತಿಯ ಕಟ್ಟುಗಳನ್ನು ಮತ್ತೆ ಮತ್ತೆ ಜೋಡಿಸುತ್ತಿದ್ದೆ. ಬ್ಯಾಂಡೇಜು ಕಟ್ಟಲು ಡಾಕ್ಟರರೇ ಬರುತ್ತಿದ್ದರು.

ಅಭ್ಯರ್ಥಿಗಳಿಬ್ಬರೂ ಎದುರುಬದುರು ನಿಂತು ವಾದಿಸುವ ಕಾರ್ಯಕ್ರಮ ಅಲ್ಲಿಯ ರಾತ್ರಿ, ಇಲ್ಲಿಯ ನಸುಕು. ಅದು ಮುಗಿದ ಬೆಳಿಗ್ಗೆ ಡಾಕ್ಟರರು ಇನ್ನೊಂದು ಕಂಪೌಂಡಿನಲ್ಲಿದ್ದರು. ನಾನು ಮತ್ತು ಸ್ವಾಗತದ ಮೇಜಿನ ಮರಿಟೆಸ್, ಇಬ್ಬರೇ. ಮರಿಟೆಸ್ ಫಿಲಿಪೀನ್ಸಿನವಳು, ಬೆಳ್ಳಗಿನ ಹುಡುಗಿ. ಕಾರ್ಲ್ ಬಾಗಿಲು ಹಿಡಿದುಕೊಂಡು ಒಳಗೆ ಬಂದರು. ಅಂಗಿ ಬೆವರಿನಲ್ಲಿ ತೊಯ್ದಿತ್ತು, ಕೈ ನಡುಗುತ್ತಿತ್ತು. ಒಳಗೆ ಅಡಗಬೇಕಾದವಳು ನಾನು ಹೊರಗೇ ನಿಂತೆ.

"ಸರ್, ನಿಮ್ಮ ಹೆಸರು?"

ಈ ಸಲ ಅವರು ಸಿಟ್ಟಾಗಲಿಲ್ಲ. ಬಾಯಿ ತೆರೆದರು, ಹೆಸರು ಬರಲಿಲ್ಲ. ಟಿವಿಯ ಮುಂದೆ ಕೂತಲ್ಲೇ ಇನ್ಸುಲಿನ್ ಚುಚ್ಚಿಕೊಂಡು ತಿಂಡಿ ಮರೆತಿರಬೇಕು, ರಕ್ತದಲ್ಲಿ ಸಕ್ಕರೆ ಕುಸಿದಿದೆ ಎಂದು ನೋಡಿದರೇ ತಿಳಿಯುತ್ತಿತ್ತು. ಬೆರಳು ಚುಚ್ಚಿ ನೋಡಲು ಹೋದೆ. ಕೈ ಕೊಡವಿದರು. ಜ್ಯೂಸಿನ ಲೋಟ ಬಾಯಿಗೆ ಹಿಡಿದೆ. ತಳ್ಳಿದರು, ನನ್ನ ಎದೆಯ ಮೇಲೆಲ್ಲ ಚೆಲ್ಲಿತು. "ನೀನು ಬೇಡ, ನೀನು ಬೇಡ" ಎನ್ನುತ್ತಿದ್ದರು. ಹೆಸರು ಮರೆತ ಮನುಷ್ಯನಿಗೆ ಅದೊಂದು ನೆನಪಿತ್ತು.

ಮುಟ್ಟಿದರೆ ಎರಡನೆಯ ದೂರು. ಮುಟ್ಟದಿದ್ದರೆ ಪ್ರಜ್ಞೆ ತಪ್ಪುತ್ತದೆ, ಆಮೇಲೆ ಏನೂ ಆಗಬಹುದು. ಆಂಬುಲೆನ್ಸ್‌ಗೆ ಫೋನು ಮಾಡಿ ಮುಗಿಸಿದ್ದ ಮರಿಟೆಸ್‌ಳನ್ನು ಎಳೆದು ತಂದು ಇನ್ನೊಂದು ಲೋಟ ಅವಳ ಕೈಗೆ ಕೊಟ್ಟೆ.

"ನಾನು ನರ್ಸ್ ಅಲ್ಲ" ಎಂದು ಅವಳು ಹಿಂಜರಿದಳು.

"ಕುಡಿಸು. ಉಳಿದದ್ದು ನಾನು ನೋಡಿಕೊಳ್ಳುತ್ತೇನೆ."

ಅವಳ ಬಿಳಿ ಕೈಯಿಂದ ಅವರು ಮಗುವಿನಂತೆ ಕುಡಿದರು. ಅವರು ಅವಳ ಮುಖ ನೋಡುತ್ತಿರುವಾಗ ನಾನು ಹಿಂದಿನಿಂದ ಬೆರಳು ಚುಚ್ಚಿ ರಕ್ತ ಪರೀಕ್ಷಿಸಿದೆ. ಮತ್ತೆ ಕುಡಿಸಲು ಹೇಳಿದೆ, ಮತ್ತೆ ಪರೀಕ್ಷಿಸಿದೆ. ಆಂಬುಲೆನ್ಸ್ ಬರುವಷ್ಟರಲ್ಲಿ ಅವರಿಗೆ ತಾವೆಲ್ಲಿದ್ದೇವೆಂದು ಗೊತ್ತಾಗಿತ್ತು. ಮರಿಟೆಸ್‌ಗೆ ಥ್ಯಾಂಕ್ಸ್ ಹೇಳಿದರು. ನಾನು ಶೌಚಾಲಯಕ್ಕೆ ಹೋಗಿ, ನಲ್ಲಿ ತಿರುಗಿಸಿ, ಸದ್ದು ಕೇಳದಂತೆ ಅತ್ತೆ. ಬಣ್ಣದ ಆಸರೆಯಿಂದ ಒಂದು ಜೀವ ಉಳಿಸಬೇಕಾಯಿತಲ್ಲ ಎಂಬ ಅವಮಾನ ಒಂದು ಕಡೆ, ಇನ್ನು ದೂರು ಬರುತ್ತದಲ್ಲ ಎಂಬ ದಿಗಿಲು ಇನ್ನೊಂದು ಕಡೆ.

ದೂರು ಬರಲಿಲ್ಲ. ಮತ ಎಣಿಕೆ ಮುಗಿಯಿತು, ಅಲ್ಲಿ ಯಾರೋ ಗೆದ್ದರು, ಟಿವಿಯಲ್ಲಿ ಅವೇ ಮುಖಗಳು ಮುಂದುವರಿದವು. ನನ್ನ ಕರಾರಿಗೆ ಸಹಿ ಬಿತ್ತು. ಕಾರ್ಲ್ ಅವರದ್ದಕ್ಕೆ ಬೀಳಲಿಲ್ಲ. ಅವರ ಜಾಗಕ್ಕೆ ಒಬ್ಬ ಸೌದಿ ಎಂಜಿನಿಯರ್ ಬಂದಿದ್ದ. ಫೈನಲ್ ಎಕ್ಸಿಟ್, ಅಂದರೆ ಇಕಾಮಾ ಮುಗಿಸಿ ಮರಳಿ ಬಾರದಂತೆ ಹೋಗುವುದು. ನಮ್ಮಂಥವರಿಗೆ ಮಾತ್ರ ಎಂದು ನಾನು ತಿಳಿದಿದ್ದ ಆ ಮಾತು ಅವರಿಗೂ ಅಂಟಿತು.

ವೈದ್ಯಕೀಯ ಕಾಗದಗಳಿಗಾಗಿ ಬಂದವರು ನನ್ನ ಮೇಜಿನ ಎದುರು ಕೂತರು.

"ಇಪ್ಪತ್ತು ವರ್ಷವಾಯಿತು ಊರು ಬಿಟ್ಟು," ಎಂದರು. "ನನ್ನ ತಂಗಿ ಬಾ ಬಾ ಎನ್ನುತ್ತಾಳೆ. ಬೀದಿಯಲ್ಲಿ ನಡೆಯಲು ಭಯವಾಗುವುದಿಲ್ಲವೇ ಎಂದು ಕೇಳಿದೆ. ಇಲ್ಲಿ ಏನೂ ಆಗಿಲ್ಲ, ದಿನಾ ನಾಯಿ ಕರೆದುಕೊಂಡು ಹೋಗುತ್ತೇನೆ ಎನ್ನುತ್ತಾಳೆ. ನನಗೆ ಸಮಾಧಾನವಾಗಲಿ ಎಂದು ಹೇಳುತ್ತಿದ್ದಾಳೆ. ನಾನು ಟಿವಿಯಲ್ಲಿ ನೋಡುತ್ತಿಲ್ಲವೇ?"

ಅವರ ಕಣ್ಣಲ್ಲಿ ನಿಜವಾದ ಹೆದರಿಕೆ ಇತ್ತು. ಸಿಟ್ಟಿನಲ್ಲಿ ಹೇಳಲೆಂದು ಕೂಡಿಟ್ಟುಕೊಂಡಿದ್ದ ಮಾತುಗಳನ್ನು ಬದಿಗಿಟ್ಟೆ. "ಟಿವಿ ಆರಿಸಿ, ತಂಗಿಯ ಮಾತು ನಂಬಿ ಸರ್" ಎಂದೆ. ಅವರು ತಲೆಯಾಡಿಸಿ ಕಾಗದ ತೆಗೆದುಕೊಂಡು ಹೋದರು. ಒಳಗೊಳಗೇ ನನಗೆ ನಗುವೂ ಬಂತು. ಸ್ವಂತ ಊರಿಗೆ ಹೋಗಲು ಇಷ್ಟು ಹೆದರುವವರೂ ಇದ್ದಾರಲ್ಲ ಎಂದುಕೊಂಡೆ.

ಸಂಜೆ ವ್ಯಾನಿನಲ್ಲಿ ಕೂತಾಗ ಫೋನಿಗೆ ಒಂದು ವಿಡಿಯೊ ಬಂತು. ಉರಿಯುತ್ತಿರುವ ಅಂಗಡಿ, ಓಡುತ್ತಿರುವ ಜನ, ಕಿರುಚಾಟ. ಕೆಳಗೆ ನಮ್ಮ ಪೇಟೆಯ ಹೆಸರು. ಹೊರಗಿನಿಂದ ಬಂದವರು ಹೀಗೆ ಮಾಡಿದ್ದಾರೆ, ಎಲ್ಲರಿಗೂ ಕಳಿಸಿ ಎಂದು ಬರೆದಿತ್ತು. ಆ ಅಂಗಡಿ ಎಲ್ಲಿಯದೆಂದು ನನಗೆ ಗುರುತು ಸಿಗಲಿಲ್ಲ, ಆದರೂ ಮತ್ತೆ ಮತ್ತೆ ನೋಡಿದೆ. ಬೇಸಿಗೆ ರಜೆಗೆ ಊರಿಗೆ ಹೋಗಬೇಕೆಂದು ಮಗಳು ವರ್ಷವಿಡೀ ಕುಣಿಯುತ್ತಿದ್ದಳು. ಅಕ್ಕನಿಗೆ ಫೋನ್ ಮಾಡಿದೆ.

ಅಕ್ಕ ಕೊಂಕಣಿಯಲ್ಲಿ ನಕ್ಕಳು. "ಇಲ್ಲಿ ಏನೂ ಇಲ್ಲ. ಈಗಷ್ಟೇ ಪೇಟೆಯಿಂದ ಬಂಗುಡೆ ತಂದೆ, ಒಳ್ಳೆಯ ತಾಜಾ ಇತ್ತು. ನೀವು ಟಿಕೆಟ್ ಮಾಡಿ" ಎಂದಳು. ಹಿನ್ನೆಲೆಯಲ್ಲಿ ಕುಕ್ಕರ್ ಸಿಳ್ಳೆ ಹಾಕುತ್ತಿತ್ತು.

ಹಮೀದ್ ಕನ್ನಡಿಯಲ್ಲಿ ನನ್ನನ್ನು ನೋಡಿದ. ಅವನಿಗೂ ಮಧ್ಯಾಹ್ನವೇ ಒಂದು ವಿಡಿಯೊ ಬಂದಿತ್ತಂತೆ. ಅದರಲ್ಲಿ ಹೊಡೆಯುವವರು ಬೇರೆ, ಓಡುವವರು ಬೇರೆ, ಕೆಳಗೆ ಬರೆದ ಪೇಟೆ ಮಾತ್ರ ಅದೇ.

"ನನ್ನ ಹೆಂಡತಿಯೂ ಎಂತ ಇಲ್ಲ ಅಂತಾಳೆ ಸಿಸ್ಟರ್," ಎಂದ. "ನಾನು ಇಲ್ಲಿ ಹೆದರ್ತೇನೆ ಅಂತ ಸುಳ್ಳು ಹೇಳುವುದಾ ಅಂತ ಒಂದು ಸಂಶಯ. ನಿಮ್ಮ ಅಕ್ಕ ಎಂತ ಹೇಳಿದ್ರು?"

"ಏನೂ ಆಗಿಲ್ಲ ಅಂದಳು."

"ನೀವು ನಂಬಿದ್ರಾ?"

ವ್ಯಾನು ಮಲಾಜ್‌ನ ತಿರುವಿಗೆ ಬಂದಿತ್ತು. ಇಲ್ಲ ಎಂದೆ.