ಪಾಟಾ ಹಾಕಿಸಿದ ಗಾಡಿ

ನನ್ನ ಪಿಕಪ್ ಗಾಡಿ ಲೋಡು ಬಿದ್ದ ಕೂಡಲೇ ಹಿಂದಕ್ಕೆ ಕುಂತುಬಿಡುತ್ತಿತ್ತು. ಶಹಾಪುರದಿಂದ ಕಡೇಚೂರಿನ ಕಾರ್ಖಾನೆಗಳ ಕಡೆಗೆ ಸಿಮೆಂಟು, ಕಬ್ಬಿಣದ ಸಲಾಕೆ. ಸುಗ್ಗಿ ಬಂತೆಂದರೆ ಸುತ್ತಲ ಹಳ್ಳಿಗಳಿಂದ ಹತ್ತಿ ಅಂಡಿಗೆ, ಭತ್ತದ ಚೀಲ. ನಾನು ಹೇರುವುದು ಯಾವಾಗಲೂ ಒಂದು ಕೈ ಹೆಚ್ಚೇ. ಹಿಂದಿನ ಗಾಲಿಯ ಮೇಲೆ ಲೋಡಿನ ಡಬ್ಬಿ ಕುಸಿದು ಕೂತರೆ ಮುಂದಿನ ಮೂತಿ ಮೇಲೇಳುತ್ತಿತ್ತು, ಲೈಟು ರಸ್ತೆ ಬಿಟ್ಟು ಬೇವಿನ ಗಿಡದ ತುದಿಗೆ ಬೀಳುತ್ತಿತ್ತು. ಎದುರಿಗೆ ಬರುವವರು ಕಣ್ಣಿಗೆ ಕೈ ಅಡ್ಡ ಹಿಡಿದು ಬೈದುಕೊಂಡು ಹೋಗುತ್ತಿದ್ದರು. ತಗ್ಗು ಸಿಕ್ಕರೆ ಕೆಳಗಿನಿಂದ ಧಡಲ್ ಎಂದು ಕಬ್ಬಿಣಕ್ಕೆ ಕಬ್ಬಿಣ ಬಡಿದ ಸದ್ದು.

ಹಾಗಾಗಿ ಕಳೆದ ಸುಗ್ಗಿಗೆ ಮೊದಲು ಮಿಸ್ತ್ರಿಯ ಹತ್ತಿರ ಹೋದೆ. ನಮ್ಮ ಕಡೆ ಗಾಡಿಯ ಕಮಾನಿನ ಉಕ್ಕಿನ ಪಟ್ಟಿಗಳಿಗೆ ಪಾಟಾ ಅಂತಾರೆ. ಒಂದರ ಕೆಳಗೊಂದು ಜೋಡಿಸಿ ಬಿಗಿದಿರುತ್ತಾರೆ, ಹಿಂದಿನ ಭಾರವೆಲ್ಲ ಅವುಗಳ ಮೇಲೆಯೇ. ಹೊಸ ಪಾಟಾ ಸೇರಿಸಿದರೆ ಕಮಾನು ಬಿರುಸಾಗುತ್ತದೆ, ಗಾಡಿಯ ಹಿಂದು ಎತ್ತರಕ್ಕೆ ನಿಲ್ಲುತ್ತದೆ.

"ಎಷ್ಟು ಎಬ್ಬಿಸ್ಲಿ?" ಅಂದ ಮಿಸ್ತ್ರಿ, ಗಾಡಿಯ ಕೆಳಗೆ ಮಲಗಿಕೊಂಡೇ.

"ಎಷ್ಟ ಹೇರಿದ್ರೂ ಕುಂದ್ರಬಾರ್ದು ನೋಡು, ಹಂಗ ಎಬ್ಬಿಸು."

"ಖಾಲಿ ಇದ್ದಾಗ ಕುಣೀತದ."

"ಕುಣೀಲಿ ಬಿಡು."

ಅವನೂ ನಕ್ಕ. ಅವನಿಗೂ ಗಾಡಿ ಎತ್ತರ ಕಂಡರೆ ಖುಷಿ. ಹಳೆಯ ಪಾಟಾಗಳನ್ನು ಬಿಚ್ಚಿ, ಬಡಿದು ಬಾಗಿಸಿ, ಹೊಸವನ್ನು ಸೇರಿಸಿ ಬಿಗಿದ. ಜಾಕಿಯಿಂದ ಇಳಿಸಿದಾಗ ನನ್ನ ಗಾಡಿ ನನಗೇ ಗುರುತು ಸಿಗಲಿಲ್ಲ. ಭುಜ ಎತ್ತಿ ನಿಂತ ಹೋರಿಯ ಹಾಗೆ ಕಂಡಿತು. ಸ್ಟ್ಯಾಂಡಿಗೆ ಒಯ್ದರೆ ಉಳಿದ ಡ್ರೈವರುಗಳು ಸುತ್ತ ನಿಂತು ನೋಡಿದರು. ಒಬ್ಬನಂತೂ ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡ. ನನ್ನ ಹೆಂಡತಿ ಮಾತ್ರ ಬಾಗಿಲಲ್ಲಿ ನಿಂತು, "ಮೂತಿ ಕೆಳಗ, ಕುಂಡಿ ಮ್ಯಾಲ. ಯಾರಿಗಿ ನಮಸ್ಕಾರ ಮಾಡಾಕತ್ತದ ಇದು?" ಅಂದಳು. ನಾನು ಸಿಟ್ಟಾದೆ. ಗಾಡಿಯ ಸಂಗತಿ ನಿನಗೇನು ತಿಳೀತದ ಅಂದೆ.

ಸಿಮೆಂಟು ಹೇರಿದರೂ ಗಾಡಿಯ ಹಿಂದು ಕುಸಿಯಲಿಲ್ಲ. ನನ್ನ ಹಮ್ಮು ಇನ್ನಷ್ಟು ಏರಿತು.

ಶಹಾಪುರದಿಂದ ವಡಗೇರಾಕ್ಕೆ ಹೋಗುವ ದಾರಿಯಲ್ಲಿ ಒಂದು ಹಳ್ಳಿಯ ಕೂಡುರಸ್ತೆಯಲ್ಲಿ ಒಬ್ಬ ಅಕ್ಕನ ಚಾದ ಹೋಟೆಲ್ ಇದೆ. ತಗಡಿನ ಚಪ್ಪರ, ಎರಡು ಬೆಂಚು. ಗಂಡ ತೀರಿಕೊಂಡ ಮೇಲೆ ಅವಳೇ ನಡೆಸುತ್ತಾಳೆ. ಮಗ ಕಡೇಚೂರಿನ ಕಾರ್ಖಾನೆಯಲ್ಲಿ ಪಾಳಿ ಮೇಲೆ ದುಡಿಯುತ್ತಾನೆ, ಸೊಸೆ ಮನೆ ನೋಡಿಕೊಳ್ಳುತ್ತಾಳೆ. ಡ್ರೈವರುಗಳೆಲ್ಲ ಅವಳನ್ನು ಅಕ್ಕ ಅಂತಲೇ ಕರೆಯುವುದು. ಹಿಂದೆ ಅವಳ ಮನೆಯಲ್ಲಿ ಹೈನ ಇತ್ತಂತೆ. ಈಗ ಪಾಕೀಟು ಹಾಲಿನ ಚಾ ಕೊಡುವಾಗ ಪ್ರತಿ ಸಲ, "ನೀರು ಕುಡದಂಗ ಆಗ್ತದ ತಮ್ಮಾ, ಏನ ಮಾಡ್ಲಿ" ಅನ್ನುವಳು.

ಒಂದು ದಿನ ಅವಳೇ ಕರೆದು ಕೂರಿಸಿಕೊಂಡು ಹೇಳಿದಳು. ಕೊಡೇಕಲ್ ಹತ್ತಿರದ ಅವಳ ತವರಿನ ಕಡೆ ಒಂದು ಗಬ್ಬದ ಎಮ್ಮೆ ಇದೆ, ಅಣ್ಣನ ಮನೆಯದು, ರೇಟು ಮಾತಾಡಿ ಮುಗಿದಿದೆ. "ನೀನ ತಂದು ಕೊಡಬೇಕು. ಬ್ಯಾರೆಯವರು ಎಮ್ಮಿನ ಕಲ್ಲು ಒಯ್ದಂಗ ಒಯ್ತಾರ. ನೀ ಸಾವಕಾಶ ಬರ್ತಿ."

ನಾನು ಸುರಪುರ ದಾಟಿ ಹೋಗಿ ಎಮ್ಮೆ ತಂದೆ. ಅವಳ ಅಣ್ಣನ ಹೊಲದ ಬದು ಎತ್ತರವಿತ್ತು, ಹತ್ತಿಸುವಾಗ ತೊಂದರೆಯೇ ಆಗಲಿಲ್ಲ. ಕೆಳಗೆ ಹುಲ್ಲು ಹಾಸಿದ್ದೆ. ದಾರಿಯುದ್ದಕ್ಕೂ ಅಕ್ಕನಿಗೆ ಕೊಟ್ಟ ಮಾತಿನಂತೆ ಮೆಲ್ಲಗೇ ಬಂದೆ. ಆದರೂ ಬಿರುಸು ಪಾಟಾದ ಗಾಡಿ. ಸಣ್ಣ ತಗ್ಗಿಗೂ ಹಿಂದು ಎಗರುತ್ತಿತ್ತು. ಕನ್ನಡಿಯಲ್ಲಿ ನೋಡಿದರೆ ಎಮ್ಮೆ ನಾಲ್ಕು ಕಾಲು ಅಗಲಿಸಿ ಬಿಗಿಹಿಡಿದು ನಿಂತಿತ್ತು. ಊರು ಮುಟ್ಟುವಷ್ಟರಲ್ಲಿ ಅದರ ತೊಡೆ ಥರಥರ ನಡುಗುತ್ತಿದ್ದುದನ್ನು ನಾನು ನೋಡಿದ್ದೆ.

ಹೋಟೆಲಿನ ಹಿಂದೆ ಒಂದು ಮಣ್ಣಿನ ದಿಬ್ಬ. ಊರವರು ದನ ಇಳಿಸುವುದೆಲ್ಲ ಅಲ್ಲೇ. ನಾನೂ ಎಷ್ಟೋ ಸಲ ಇಳಿಸಿದ್ದೆ. ಹಿಂದಿನ ಬಾಗಿಲು ತೆಗೆದು ಗಾಡಿಯನ್ನು ದಿಬ್ಬಕ್ಕೆ ಹಚ್ಚಿದರೆ ಎರಡೂ ಸಮ, ದನ ಅಂಗಳಕ್ಕೆ ನಡೆದು ಬಂದಂತೆ ಬರುತ್ತಿತ್ತು. ಅವತ್ತು ಹಚ್ಚಿದಾಗ ಗಾಡಿ ದಿಬ್ಬಕ್ಕಿಂತ ಗೇಣಿಗೂ ಹೆಚ್ಚು ಎತ್ತರ ನಿಂತಿತು. ಗಾಡಿಗೂ ದಿಬ್ಬಕ್ಕೂ ನಡುವೆ ಕಾಲು ತೂರುವಷ್ಟು ಸಂದಿ.

ಅಕ್ಕ ಹೊಸ ಸೀರೆ ಉಟ್ಟು, ತಾಟಿನಲ್ಲಿ ದೀಪ, ಅರಿಷಿಣ ಕುಂಕುಮ ಹಿಡಿದು ನಿಂತಿದ್ದಳು. ಓಣಿಯ ಹೆಂಗಸರೂ ಬಂದಿದ್ದರು. ಅವಳೇ ಮೊದಲು ಸಂದಿ ನೋಡಿದಳು.

"ತಮ್ಮಾ, ಎತ್ತರ ಆಗೇದಲ್ಲ. ಎರಡು ಚೀಲ ಮಣ್ಣು ತುಂಬಿ ಹಾಕೂನು, ತಡಿ."

"ಏನೂ ಬ್ಯಾಡಕ್ಕ. ಇಷ್ಟು ಇಳಿಯಾಕ ಬರಂಗಿಲ್ಲೇನು ಅದಕ? ಎಮ್ಮಿ ಅದು, ಆಡಿನ ಮರಿ ಅಲ್ಲ."

ಶಹಾಪುರದಲ್ಲಿ ಹತ್ತಿ ಲೋಡಿನವರು ಆಗಲೇ ಫೋನು ಹಚ್ಚುತ್ತಿದ್ದರು. ಅದು ಒಂದು ಕಾರಣ. ಇನ್ನೊಂದು, ಅಷ್ಟು ಜನರ ಎದುರು ನನ್ನ ಗಾಡಿಯ ಎತ್ತರ ಒಂದು ಊನ ಅಂತ ಒಪ್ಪಿಕೊಳ್ಳಲು ನನಗೆ ಮನಸ್ಸಿರಲಿಲ್ಲ. ಹಗ್ಗ ಹಿಡಿದು ಎಳೆದೆ. ಎಮ್ಮೆ ಅಂಚಿಗೆ ಬಂದು ಮೂಸಿ ಹಿಂದೆ ಸರಿಯಿತು. ಮತ್ತೆ ಎಳೆದೆ, ಹಿಂದಿನಿಂದ ಯಾರೋ ಚಪ್ಪರಿಸಿದರು. ಮುಂಗಾಲು ಎರಡೂ ದಿಬ್ಬಕ್ಕೆ ಇಟ್ಟಿತು. ಭಾರ ಇಳಿದ ಕೂಡಲೇ ಗಾಡಿಯ ಹಿಂದು ಇನ್ನಷ್ಟು ಮೇಲೆದ್ದಿತು. ಎಮ್ಮೆಯ ಹಿಂಗಾಲೊಂದು ಜಾರಿ ಸಂದಿಗೆ ಹೋಯಿತು. ಎಮ್ಮೆ ಸೊಂಟ ತಿರುಚಿ ಪಕ್ಕಕ್ಕೆ ಬಿತ್ತು. ಹೊಟ್ಟೆ ಗಾಡಿಯ ಅಂಚಿಗೆ ಬಡಿಯಿತು. ಅದು ಕೂಗಿದ ಕೂಗು ದನದ ಕೂಗಿನಂತಿರಲಿಲ್ಲ.

ಗಾಡಿ ಮುಂದೆ ಸರಿಸಿ, ಎಲ್ಲರೂ ಸೇರಿ ಕಾಲು ಬಿಡಿಸಿದೆವು. ಸ್ವಲ್ಪ ಹೊತ್ತಿಗೆ ಅದು ತಾನೇ ಎದ್ದು ನಿಂತಿತು, ಕುಂಟುತ್ತ. "ಏನೂ ಆಗಿಲ್ಲ, ಆಗಿಲ್ಲ" ಅಂತ ಎಲ್ಲರೂ ಅಂದರು. ಎಲ್ಲರಿಗಿಂತ ಜೋರಾಗಿ ನಾನೇ ಅಂದೆ. ಅಕ್ಕ ಅದರ ಹಣೆಗೆ ಕುಂಕುಮ ಹಚ್ಚಿ ದೀಪ ಬೆಳಗಿದಳು. ನಾನು ಹತ್ತಿ ಹೇರಲು ಹೊರಟುಹೋದೆ.

ಮರುದಿನ ಎಮ್ಮೆ ಮಲಗಿದ್ದು ಏಳಲಿಲ್ಲ. ಅವಳ ಮಗ ಫೋನು ಮಾಡಿದ. ನಾನು ದನದ ಡಾಕ್ಟರನ್ನು ಗಾಡಿಯಲ್ಲಿ ಕೂರಿಸಿಕೊಂಡು ಹೋದೆ. ಅವರು ಬೆನ್ನು, ಸೊಂಟ ಒತ್ತಿ ನೋಡಿ, ಸೊಂಟದ ನರಕ್ಕೆ ಪೆಟ್ಟಾಗಿದೆ, ಏಳುವುದು ಕಷ್ಟ ಅಂದರು. ಹೊಟ್ಟೆಯಲ್ಲಿನ ಕರು ಜೀವಂತ ಇದೆ, ಈಯುವ ತನಕ ಕಾಯಬೇಕು. ಒಂದೇ ಮಗ್ಗುಲಲ್ಲಿ ಬಿಟ್ಟರೆ ಹುಣ್ಣಾಗಿ ಕೊಳೆಯುತ್ತದೆ, ದಿನಾ ಮಗ್ಗುಲು ಬದಲಿಸುತ್ತಿರಿ.

"ಹೆಂಗ ಬಿತ್ತು?" ಅಂತ ಡಾಕ್ಟರ್ ಕೇಳಿದರು.

ನಾನು ಬಾಯಿ ತೆರೆಯುವಷ್ಟರಲ್ಲಿ ಅಕ್ಕ, "ಇಳಿಯಾಗ ಕಾಲು ಜಾರೇದ್ರಿ. ಹೊಸಾ ಜಾಗ, ಅಂಜೇದ" ಅಂದಳು.

ಅವತ್ತಿನಿಂದ ಬೆಳಿಗ್ಗೆ ಮೊದಲ ಬಾಡಿಗೆಗೆ ಹೋಗುವ ಮುಂಚೆ ಅಲ್ಲಿಗೆ ಹೋಗುವುದು ನನ್ನ ರೂಢಿಯಾಯಿತು. ಅವಳ ಮಗನ ಪಾಳಿ ಇಲ್ಲದಿದ್ದರೆ ಅವನು, ಇದ್ದರೆ ನೆರೆಮನೆಯವರು ನನ್ನ ಜೊತೆ ಕೈ ಹಚ್ಚುತ್ತಿದ್ದರು. ಹೊಟ್ಟೆಯ ಕೆಳಗೆ ಗೋಣಿತಟ್ಟು ತೂರಿಸಿ ಎತ್ತಿ ಮಗ್ಗುಲು ಮಾಡುತ್ತಿದ್ದೆವು. ಕೆಳಗೆ ಹಾಸಲು ಹಳ್ಳದ ಮರಳು ತಂದು ಹಾಕಿದೆ. ಎಮ್ಮೆ ನನ್ನನ್ನು ನೋಡಿದರೆ ಕಿವಿ ಹಿಂದಕ್ಕೆ ಮಾಡುತ್ತಿತ್ತು. ಅಕ್ಕ ಮೈ ಒರೆಸಿದರೆ ಕಣ್ಣು ಮುಚ್ಚುತ್ತಿತ್ತು. ಕೆಲಸ ಮುಗಿದ ಮೇಲೆ ಅವಳು ಚಾ ಕೊಡುವಳು. ಬೇಡ ಅಂದರೆ ಕೇಳುತ್ತಿರಲಿಲ್ಲ. "ಬೆವತೀದಿ, ಕುಡಿ" ಅನ್ನುವಳು. ಬೆಂಚಿನ ಮೇಲೆ ಕೂತ ಬೇರೆ ಡ್ರೈವರುಗಳಿಗೆ ಅವಳು, "ನೋಡ್ರಿ, ದಿನಾ ಬರ್ತಾನ, ಪಾಪ" ಅಂತ ನನ್ನ ಗುಣ ಹೇಳುವಳು. ಆಗ ಎದ್ದು ಓಡಿಹೋಗಬೇಕು ಅನಿಸುತ್ತಿತ್ತು. ಬೇರೆ ಎಮ್ಮೆ ತಂದುಕೊಡುತ್ತೇನೆ ಅಂತ ಒಮ್ಮೆ ಹೇಳಿದೆ. "ಇದರ ಎದುರಿಗೆ ಆ ಮಾತು ಆಡಬ್ಯಾಡ" ಅಂದಳು.

ಮನೆಯಲ್ಲಿ ಹೆಂಡತಿಗೆ ಎಲ್ಲ ಹೇಳಿದೆ. ಅವಳು, "ಆ ಪಾಟಾ ಮೊದಲ ತೆಗಸು" ಅಂದಳು. ಮಾರನೆಯ ದಿನವೇ ಮಿಸ್ತ್ರಿಯ ಹತ್ತಿರ ಹೋಗಿ ತೆಗೆಸಿದೆ. ಸುಗ್ಗಿಯ ನಡುವೆ ಯಾಕೆ ಅಂತ ಅವನು ಕೇಳಿದ. ಹೇಳಿದೆ. ಅವನು ಗಾಡಿಯ ಕೆಳಗೆ ತೂರಿ ಬೋಲ್ಟು ಬಿಚ್ಚಿದ.

ಗಾಡಿ ಮೊದಲಿನಂತೆ ತಗ್ಗಿತು. ನನಗೆ ಎದೆ ಸ್ವಲ್ಪ ಹಗುರಾಯಿತು. ಅದೇ ಉಮೇದಿನಲ್ಲಿ ನೇರ ಅಕ್ಕನ ಹೋಟೆಲಿಗೆ ಹೋಗಿ, ಗಾಡಿಯನ್ನು ದಿಬ್ಬಕ್ಕೆ ಹಚ್ಚಿ ನಿಲ್ಲಿಸಿ, ಅವಳನ್ನು ಹೊರಗೆ ಕರೆದೆ.

"ಅಕ್ಕ, ನೋಡು. ಪಾಟಾ ತೆಗಸೇನಿ. ಸಮ ಬಂತು."

ಅವಳು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಗಾಡಿ ನೋಡಿದಳು, ದಿಬ್ಬ ನೋಡಿದಳು, ಆಮೇಲೆ ನನ್ನ ಮುಖ ನೋಡಿದಳು.

"ಇದನ್ನ ನನಗ್ಯಾಕ ತೋರಸಾಕ ತಂದಿ?"

ನಾನು ಗಾಡಿಯ ಹಿಂದಿನ ಬಾಗಿಲು ಹಿಡಿದು ನಿಂತೆ.

"ಮಣ್ಣು ಹಾಕೂನು ಅಂದೆ ನಾನು. ಅಂದೆನಿಲ್ಲೋ?"

"ಅಂದಿ, ಅಕ್ಕ."

"ಎರಡು ಚೀಲ ಮಣ್ಣು. ನಾನ ಹೊತ್ತು ಹಾಕ್ತಿದ್ದೆ. ನಿನಗ ಅಷ್ಟು ತಡಕೊಳ್ಳಾಕ ಆಗಲಿಲ್ಲ. ಈಗ ಗಾಡಿ ತಗ್ಗಿಸಿ ತಂದಾನ, ನೋಡು ಅಂತಾನ. ನೋಡಿ ನಾ ಏನು ಮಾಡ್ಲಿ? ಶಾಭಾಷ್ ಅನ್ನಬೇಕೇನು? ಮೂಕ ಜೀವ ಅಲ್ಲಿ ಬಿದ್ದದ. ಅದಕ ತೋರಸು ಹೋಗು."

ಧ್ವನಿ ಏರಲಿಲ್ಲ. ಕಣ್ಣಲ್ಲಿ ನೀರು ತುಂಬಿ ಬಂದಿತ್ತು. ಒಳಗೆ ಹೋದಳು. ಅವತ್ತು ಚಾ ಕೊಡಲಿಲ್ಲ. ಸ್ಟೇರಿಂಗ್ ಹಿಡಿದು ಕೂತ ನನಗೆ, ನಾನು ಅವಳ ಬಾಯಿಂದ ಕೇಳಬೇಕು ಅಂತ ಹೋಗಿದ್ದು ಏನು ಅನ್ನುವುದು ಆಗ ತಿಳಿಯಿತು. ಬಿಡು ತಮ್ಮಾ, ಆಗಿದ್ದು ಆಗಿಹೋಯ್ತು ಅನ್ನಲಿ ಅಂತ ಹೋಗಿದ್ದೆ. ಎಮ್ಮೆಯ ಸಲುವಾಗಿ ಹೋಗಿರಲಿಲ್ಲ.

ಮರುದಿನ ಹೋಗಲು ಮುಖವಿರಲಿಲ್ಲ, ಆದರೂ ಹೋದೆ. ಅವಳು ಗೋಣಿತಟ್ಟಿನ ಒಂದು ತುದಿ ನನ್ನ ಕೈಗೆ ಕೊಟ್ಟಳು.

ಎಮ್ಮೆ ಮಲಗಿದಲ್ಲೇ ಈದಿತು. ಡಾಕ್ಟರ್, ಅಕ್ಕನ ಮಗ, ನಾನು ಸೇರಿ ಕರು ಎಳೆದು ತೆಗೆದೆವು. ಹೆಣ್ಣುಗರು. ಕರುವನ್ನು ಮೂತಿಯ ಹತ್ತಿರ ಇಟ್ಟರೆ ಎಮ್ಮೆ ಕತ್ತು ಎತ್ತಿ ನೆಕ್ಕಿತು, ದಣಿದು ಬಿಟ್ಟಿತು, ಮತ್ತೆ ನೆಕ್ಕಿತು. ಅಕ್ಕ ಪಕ್ಕಕ್ಕೆ ಕೂತು ಬಗ್ಗಿ ಹಾಲು ಹಿಂಡಿದಳು. ಮೊದಲ ಹಾಲು ಕರುವಿಗೆ ಕುಡಿಸಿ, ಉಳಿದದ್ದರಲ್ಲಿ ಗಿಣ್ಣ ಕಾಸಿ ಓಣಿಗೆಲ್ಲ ಹಂಚಿದಳು. ಒಂದು ಸ್ಟೀಲಿನ ಡಬ್ಬಿ ನನ್ನ ಗಾಡಿಯ ಸೀಟಿನ ಮೇಲೂ ಇಟ್ಟಳು. "ಮಕ್ಕಳಿಗಿ ಒಯ್ಯಿ" ಅಂದಳು, ಅಷ್ಟೇ.

ಮನೆಯಲ್ಲಿ ಮಕ್ಕಳು ಬೆಲ್ಲ ಯಾಲಕ್ಕಿಯ ಆ ಗಿಣ್ಣವನ್ನು ಡಬ್ಬಿ ಕೆರೆದು ತಿಂದರು. ಹೆಂಡತಿ ಒಂದು ತುಂಡು ನನ್ನ ತಾಟಿಗೆ ಹಾಕಿದಳು. ನಾನು ಅದನ್ನು ಮುರಿದು ನೋಡುತ್ತ ಕೂತೆ. ಅವಳು ಒತ್ತಾಯ ಮಾಡಲಿಲ್ಲ, ತಾಟು ಎತ್ತಿಕೊಂಡು ಹೋದಳು.

ವಾರ ಕಳೆಯುವಷ್ಟರಲ್ಲಿ ಎಮ್ಮೆ ಮೇವು ಬಿಟ್ಟಿತು, ಸತ್ತಿತು. ಅಕ್ಕನೇ ಫೋನು ಮಾಡಿದಳು. "ತಂದಾವ ನೀನ. ಒಯ್ಯಾಕೂ ನೀನ ಬಾ." ಹೋದೆ. ಹತ್ತು ಜನ ಸೇರಿ ಅದನ್ನು ಗಾಡಿಗೆ ಎಳೆದು ಹಾಕಿದೆವು. ಅವಳ ಹೊಲದ ಬದುವಿನಲ್ಲಿ ಜೆಸಿಬಿಯವನು ಕುಣಿ ತೋಡಿ ನಿಂತಿದ್ದ. ಅಕ್ಕ ನನ್ನ ಪಕ್ಕದ ಸೀಟಿನಲ್ಲಿ ಕೂತು ಬಂದಳು. ದಾರಿಯಲ್ಲಿ ತಗ್ಗು ಬಂದ ಕಡೆಯೆಲ್ಲ ನಾನು ಗಾಡಿ ನಿಂತೇಬಿಟ್ಟಿತು ಅನ್ನುವಷ್ಟು ಮೆಲ್ಲಗೆ ದಾಟಿಸಿದೆ. ಸತ್ತ ಎಮ್ಮೆಗೆ ಅದರಿಂದ ಏನಾಗಬೇಕಿತ್ತು? ಅವಳೂ ಬೇಗ ನಡೆ ಅನ್ನಲಿಲ್ಲ. ಕುಣಿಗೆ ಉಪ್ಪು ಸುರಿದು, ಹಿಡಿ ಮಣ್ಣು ಹಾಕಿ, ಹೊಲದ ದಾರಿಯಲ್ಲಿ ನಡೆದೇ ಮನೆಗೆ ಹೋದಳು.

ಕರು ಉಳಿಯಿತು. ಬಾಟಲಿ ಹಾಲು ಕುಡಿದು ಹೋಟೆಲಿನ ಬೆಂಚುಗಳ ನಡುವೆ ಓಡಾಡುತ್ತ ಬೆಳೆಯಿತು. ನಾನು ಈಗ ಕಡಿಮೆ ಹೇರುತ್ತೇನೆ. ಸ್ಟ್ಯಾಂಡಿನಲ್ಲಿ ನಗುವವರು ನಗುತ್ತಾರೆ.

ಮೊನ್ನೆ ಬೇಸಿಗೆಯಲ್ಲಿ ವಡಗೇರಾದಿಂದ ಬರುವಾಗ ಹೋಟೆಲಿನ ಹತ್ತಿರ ನಿಲ್ಲಿಸಿದೆ. ಹಿಂದಿನ ಚಪ್ಪರದಲ್ಲಿ ಹೊಸ ಎಮ್ಮೆಯೊಂದು ನಿಂತು ಮೆಲುಕು ಹಾಕುತ್ತಿತ್ತು, ಹಣೆಯ ಮೇಲೆ ಕುಂಕುಮ ಇನ್ನೂ ಹಸಿಯಾಗಿತ್ತು. ಯಾರು ತಂದರು ಅಂತ ನಾನು ಕೇಳಲಿಲ್ಲ. ಅಕ್ಕ ಒಲೆಯ ಮುಂದಿನಿಂದ ಎದ್ದು ಬಂದು ನನ್ನ ಪಕ್ಕ ನಿಂತಳು.

"ಬ್ಯಾರೆ ಗಾಡಿಯಾಗ ತರಿಸಿದೆ ತಮ್ಮಾ. ಮನಸ್ಸಿಗಿ ಹಚ್ಚಿಕೋಬ್ಯಾಡ."

"ಇಲ್ಲಕ್ಕ. ಛಲೋ ಮಾಡಿದಿ."

"ನಿನಗ ಹೇಳಬೇಕಂತ ಫೋನು ಹಿಡಿದಿದ್ದೆ. ಕೈ ಬರಲಿಲ್ಲ."

ತಾಯಿಯಿಲ್ಲದ ಕರು ಹೊಸ ಎಮ್ಮೆಯ ಕೆಚ್ಚಲಿಗೆ ಮೂತಿ ಹಾಕಲು ಹೋಯಿತು. ಎಮ್ಮೆ ಕಾಲು ಝಾಡಿಸಿತು. ಅಕ್ಕ ಹೋಗಿ ಕರುವಿನ ಕುತ್ತಿಗೆ ಹಿಡಿದು ಈಚೆ ತಂದಳು. ನಾನು ಬುಟ್ಟಿಯಲ್ಲಿದ್ದ ಹಸಿ ಮೇವು ಒಂದು ಹಿಡಿ ತೆಗೆದು ಎಮ್ಮೆಯ ಮುಂದೆ ಚಾಚಿದೆ. ಅದು ನನ್ನ ಕೈಯನ್ನು ಒಂದು ಸಲ ಮೂಸಿ, ಮೇವು ತಿನ್ನತೊಡಗಿತು. ಅದಕ್ಕೆ ಏನೂ ಗೊತ್ತಿರಲಿಲ್ಲ.