ಮೇಷ್ಟ್ರ ಮುಖಕ್ಕೆ ಪಾದರಸ

ಗಣಿತದ ಮೇಷ್ಟ್ರು ಬೋರ್ಡಿನ ಮೇಲೆ ಎಳೆದ ವೃತ್ತ ಆಲೂಗಡ್ಡೆಯಂತೆ ಕಾಣಬಾರದು. ಕಂಡಿತು.

ಮೇಷ್ಟ್ರು ಬೇರೆ ಯಾರೂ ಅಲ್ಲ, ನಮ್ಮ ಯಜಮಾನರು. ದೊಡ್ಡಬಳ್ಳಾಪುರದ ಹತ್ತಿರದ ಹೈಸ್ಕೂಲಿನಲ್ಲಿ ಇಷ್ಟು ವರ್ಷ ಬರಿಗೈಯಲ್ಲೇ ದುಂಡಗೆ ವೃತ್ತ ಎಳೆದವರು. ಈಗ ಚಾಕ್‌ಪೀಸ್ ಹಿಡಿದರೆ ಕೈ ನಡುಕ. ನಿದ್ದೆಯಿಲ್ಲ. ಉಪ್ಪು ಸರಿಯಿದ್ದರೂ ಸಾರಿನ ಮೇಲೆ ಸಿಡುಕು. ಹಾಲು ತರಲು ಹೋದವರು ಪೇಪರ್ ತಂದರು, ಪೇಪರ್ ತರಲು ಹೋದವರು ಬರಿಗೈಯಲ್ಲಿ ಬಂದರು. (ರಿಟೈರ್‌ಮೆಂಟಿಗೆ ಇನ್ನೂ ನಾಲ್ಕು ವರ್ಷವಿದೆ, ಈಗಲೇ ಪ್ರಾಕ್ಟೀಸಾ ಎಂದುಕೊಂಡೆ.)

ಮುಖ ಮಾತ್ರ ಫಳಫಳ! ಬೂದಿಗೆರೆಯಿಂದ ಬಂದಿದ್ದ ನಮ್ಮತ್ತಿಗೆ, ಮೇಷ್ಟ್ರು ಇಷ್ಟು ಬೆಳ್ಳಗಾಗಿದ್ದಾರಲ್ಲ, ಊಟಕ್ಕೇನು ಹಾಕ್ತೀಯ ಎಂದು ಕೇಳಿದರು. ಎಲ್ಲಾ ನನ್ನ ಬಸ್ಸಾರಿನ ಮಹಿಮೆ ಎಂದು ಕ್ರೆಡಿಟ್ ತೆಗೆದುಕೊಂಡೆ.

ಆಮೇಲೆ ಪಾದ ಊದಿಕೊಂಡವು. ಶೂ ಕಾಲಿಗೆ ಏರಲಿಲ್ಲ. ಮೂತ್ರ ನೊರೆನೊರೆಯಾಗುತ್ತಿದೆ ಎಂದು ಅವರು ಸಂಕೋಚದಿಂದ ಹೇಳಿದ ದಿನ ನನ್ನ ತಮಾಷೆಯೆಲ್ಲ ಇಳಿದುಹೋಯಿತು. ಅವತ್ತೇ ಆಸ್ಪತ್ರೆಗೆ ಎಳೆದುಕೊಂಡು ಹೋದೆ.

ಕಿಡ್ನಿ ಡಾಕ್ಟರ್ ಚಿಕ್ಕ ವಯಸ್ಸಿನ ಹೆಣ್ಣುಮಗಳು. ರಿಪೋರ್ಟ್ ನೋಡಿ, ಮೂತ್ರದಲ್ಲಿ ಪ್ರೋಟೀನ್ ಸೋರಿಹೋಗುತ್ತಿದೆ ಎಂದರು. ನಾಟಿ ಔಷಧಿ ತಗೊಳ್ಳುತ್ತೀರಾ ಎಂದು ಕೇಳಿದರು. ಇಲ್ಲ. ಮುಖಕ್ಕೇನಾದರೂ ಹಚ್ಚಿಕೊಳ್ಳುತ್ತೀರಾ? ನಾನು ನಕ್ಕುಬಿಟ್ಟೆ. ಮೇಷ್ಟ್ರು ನಗಲಿಲ್ಲ.

"ನಿಜ ಹೇಳಿ ಸರ್. ಕಿಡ್ನಿ ವಿಷಯ ಇದು."

ಮೇಷ್ಟ್ರು ಬ್ಯಾಗಿಗೆ ಕೈ ಹಾಕಿ, ಉತ್ತರಪತ್ರಿಕೆಗಳ ಕೆಳಗಿನಿಂದ ಒಂದು ಪುಟ್ಟ ಡಬ್ಬಿ ತೆಗೆದರು. ಬೆಳ್ಳಗಾಗುವ ಕ್ರೀಮ್. ಮೇಲೆ ಯಾವ ದೇಶದ್ದೋ ಲಿಪಿ. (ಬ್ಯಾಗಿನಲ್ಲೇಕೆ ಎಂದರೆ, ಮಧ್ಯಾಹ್ನದ ಎರಡನೇ ಕೋಟಿಂಗಿಗೆ.)

"ಭಾಮೈದನ ಎಂಗೇಜ್‌ಮೆಂಟ್ ಫೋಟೋದಲ್ಲಿ ಶಾಮಿಯಾನದ ಕಂಬ ಕಾಣ್ಸುತ್ತೆ ಮೇಡಂ, ಪಕ್ಕದಲ್ಲಿ ನಿಂತಿದ್ದ ನಾನು ಕಾಣ್ಸಲ್ಲ" ಎಂದರು.

ಆ ಫೋಟೋ ನೋಡಿ ಮೊದಲು ನಕ್ಕವಳು ನಾನೇ.

ಇಂಥ ಕೆಲವು ಕ್ರೀಮುಗಳಲ್ಲಿ ಪಾದರಸ ಬೆರೆಸಿರುತ್ತಾರಂತೆ. ಅದು ಚರ್ಮಕ್ಕೆ ಬಣ್ಣ ಬರದಂತೆ ತಡೆಯುತ್ತದೆ, ಹಾಗೇ ಒಳಗಿಳಿದು ಕಿಡ್ನಿ, ನರಗಳನ್ನೂ ಕೆಡಿಸುತ್ತದೆ. ನಡುಕ, ಮರೆವು, ಸಿಡುಕು ಎಲ್ಲಾ ಅದರದ್ದೇ ಇರಬಹುದು ಎಂದರು ಡಾಕ್ಟರ್. ಟೆಸ್ಟ್ ಮಾಡಿಸಿದಾಗ ಮೈಯಲ್ಲಿ ಪಾದರಸ ಇದ್ದದ್ದು ನಿಜವಾಯಿತು.

ಟವೆಲ್, ದಿಂಬಿನಿಂದಲೂ ಮನೆಯವರಿಗೆ ತಗುಲುತ್ತದೆ, ಬೇರೆ ಯಾರಾದರೂ ಬಳಸಿದ್ದೀರಾ ಎಂದು ಡಾಕ್ಟರ್ ಕೇಳಿದರು. ನಾನು ಫ್ಯಾನ್ ನೋಡಿದೆ. ಫ್ಯಾನ್ ಎಷ್ಟು ಹೊತ್ತು ನೋಡಲಾದೀತು? ಒಪ್ಪಿಕೊಂಡೆ. ಟಿಫಿನ್ ಬಾಕ್ಸ್ ತೆಗೆಯುವಾಗ ಬ್ಯಾಗಿನಲ್ಲಿ ಆ ಡಬ್ಬಿ ಸಿಕ್ಕಿತ್ತು. ನನಗೇ ಸರ್‌ಪ್ರೈಸ್ ಕೊಡಲು ತಂದಿದ್ದಾರೆಂದು ತಿಳಿದು, ಒಂದು ತಿಂಗಳಿಂದ ಚೂರುಚೂರೇ ಹಚ್ಚಿಕೊಳ್ಳುತ್ತಿದ್ದೆ.

ಮೇಷ್ಟ್ರು ನನ್ನನ್ನೇ ನೋಡಿದರು. "ಅದಕ್ಕೇ ಡಬ್ಬಿ ಬೇಗ ಖಾಲಿ ಆಗ್ತಿತ್ತು ಕಣೇ. ಎಷ್ಟು ಲೆಕ್ಕ ಹಾಕಿದ್ರೂ ತಾಳೆ ಆಗ್ತಿರ್ಲಿಲ್ಲ."

ಟೆಸ್ಟಿನಲ್ಲಿ ನಾನು ಬಚಾವ್. ಇವರಿಗೆ ಕ್ರೀಮ್ ಬಿಟ್ಟು, ಮಾತ್ರೆ ನುಂಗಿ, ಊತ ಇಳಿಯಲು ತಿಂಗಳುಗಳೇ ಹಿಡಿದವು. ಈಗ ಪ್ರೋಟೀನ್ ಸೋರುವುದು ನಿಂತಿದೆ, ಕೈ ನೆಟ್ಟಗಿದೆ, ಮುಖ ಮೊದಲಿನ ಬಣ್ಣಕ್ಕೆ ಮರಳಿದೆ. ನೋಡಲು ಚೆನ್ನಾಗಿಯೇ ಇದ್ದಾರೆ. (ಇದನ್ನು ಮೊದಲೇ ಹೇಳಬೇಕಿತ್ತು.)

ಕಟ್ಟು ಬಿಚ್ಚಿ ಎಲೆ ಎಲೆ ನೋಡಿ ಸೊಪ್ಪು ಕೊಳ್ಳುವ ನಾವು, ಒಂದಕ್ಷರವೂ ಓದಲಾಗದ ಡಬ್ಬಿಗೆ ಮುಖವನ್ನೇ ಒಪ್ಪಿಸುವುದು ಯಾವ ಧೈರ್ಯದ ಮೇಲೆ?