ಮೈಕಣ್ಣ ಜ್ಞಾನಿಯಾದದ್ದು

ಬಣ್ಣದ ಅಂಗಡಿಯ ಮಹಡಿ ಮೇಲಿನ ಹಾಲ್‌ನಲ್ಲಿ ಪ್ರತಿ ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ವೇದಾಂತದ ತರಗತಿ. ನೂರಿಪ್ಪತ್ತು ಪ್ಲಾಸ್ಟಿಕ್ ಕುರ್ಚಿ, ಎದುರಿಗೆ ಪಾಠ ಹೇಳುವ ಮೇಷ್ಟ್ರು, ಹಿಂದುಗಡೆ ಕಂಬದ ಪಕ್ಕ ಒಂದು ಮೇಜು. ಆ ಮೇಜಿನ ಹಿಂದೆ ಇಪ್ಪತ್ತೆರಡು ವರ್ಷದಿಂದ ಕೂತವನು ಮೈಕಣ್ಣ. ಮೈಕು, ಸ್ಪೀಕರು, ವೈರು, ತಿರುಗಿಸುವ ಗುಂಡಿಗಳ ಪೆಟ್ಟಿಗೆ, ಎಲ್ಲ ಅವನದೇ ಸುಪರ್ದಿ.

ಈ ಅವಧಿಯಲ್ಲಿ ನಾಲ್ಕು ಜನ ಮೇಷ್ಟ್ರು ಬಂದರು. ಜಗತ್ತು ಮಿಥ್ಯೆ ಎನ್ನುವುದರಲ್ಲಿ ನಾಲ್ವರಿಗೂ ಭಿನ್ನಾಭಿಪ್ರಾಯವಿರಲಿಲ್ಲ; ಮೈಕಿನ ಸ್ಟ್ಯಾಂಡು ಎರಡು ಬೆರಳು ತಗ್ಗಿದ್ದರೆ ಮಾತ್ರ ಆ ಸ್ಟ್ಯಾಂಡು ಸತ್ಯವಾಗಿಬಿಡುತ್ತಿತ್ತು. ಮೈಕಣ್ಣ ವೇದಾಂತ ಕೇಳಿದವನಲ್ಲ, ಗಂಟಲು ಕೇಳಿದವನು. ಯಾರು ಯಾವ ಮಾತಿಗೆ ಕೆಮ್ಮುತ್ತಾರೆ, ಯಾರು 'ಬ್ರಹ್ಮ' ಎನ್ನುವಾಗ ಮೈಕಿಗೆ ಉಗುಳು ಸಿಡಿಸುತ್ತಾರೆ ಎಂಬುದೆಲ್ಲ ಅವನಿಗೆ ಕರಗತ. ಮೈಕು ಕುಂಯ್ ಎಂದು ಕಿರುಚುವ ಮೊದಲು ಗಾಳಿಯಲ್ಲಿ ಸಣ್ಣದೊಂದು ಸದ್ದಿನ ಎಳೆ ಏಳುತ್ತದಂತೆ. ಅದನ್ನು ಹಿಡಿದು ಗುಂಡಿ ತಿರುಗಿಸಿದರೆ ಕಿರುಚಾಟವೇ ಇಲ್ಲ. ಅಂಥ ಕಿವಿ ಊರಲ್ಲಿ ತನ್ನೊಬ್ಬನಿಗೇ ಇರುವುದೆಂದು ಅವನಿಗೆ ಕೊಂಚ ಜಂಬವೂ ಇತ್ತು. ಇರಲಿ ಬಿಡಿ, ಜಂಬಪಡಲು ಮನುಷ್ಯನಿಗೆ ಒಂದಾದರೂ ಬೇಡವೇ?

ಆ ಕಿವಿಯೇ ಕೈಕೊಟ್ಟಿತು. ಡಾಕ್ಟರು ಅವನ ಕಿವಿಗೆ ಹೆಡ್‌ಫೋನ್ ಹಾಕಿ, ಶಬ್ದ ಕೇಳಿಸಿದಾಗೆಲ್ಲ ಕೈ ಎತ್ತಿ ಎಂದರು. ಪರೀಕ್ಷೆ ಯಾವಾಗ ಶುರುವಾಗುತ್ತದೋ ಎಂದು ಮೈಕಣ್ಣ ಕಾದು ಕೂತಿದ್ದ. ಅರ್ಧ ಪರೀಕ್ಷೆ ಮುಗಿದೇಹೋಗಿತ್ತು. ಚೂಪು ದನಿಗಳೆಲ್ಲ ಹೋಗಿವೆ, ದಪ್ಪ ದನಿ, ಹತ್ತಿರದ ಮಾತು ಮಾತ್ರ ಉಳಿದಿವೆ ಎಂದರು ಡಾಕ್ಟರು.

“ಎರಡು ವರ್ಷದಿಂದ ಕರೆದ್ರೆ ತಿರುಗಿ ನೋಡ್ತಿರಲಿಲ್ಲ. ಪೊಗರು ಅಂದ್ಕೊಂಡಿದ್ದೆ,” ಎಂದಳು ಹೆಂಡತಿ. “ಕಿವಿಗೆ ಮಿಷನ್ ಹಾಕಿಸ್ಕೊಳ್ಳಿ.”

“ಮಿಷನ್ ಹಾಕ್ಕೊಂಡೋನನ್ನ ಆ ಮೇಜಿನ ಹಿಂದೆ ಯಾರೇ ಕೂರಿಸ್ತಾರೆ? ಬಾಯಿಬಿಟ್ಟೀಯ, ಜೋಕೆ!”

ಆ ಮೇಜು ಹೋದರೆ ತಾನು ಯಾರೂ ಅಲ್ಲ. ಅವನ ಹೆದರಿಕೆ ಅದೊಂದೇ, ಅದೂ ಹಗಲೂ ರಾತ್ರಿ.

ಹೀಗಿರುವಾಗ ಒಂದು ಭಾನುವಾರ ಸಾಕ್ಷಿಯ ಪಾಠ ನಡೆದಿತ್ತು. ದೇಹ ನಾನಲ್ಲ, ಇಂದ್ರಿಯ ನಾನಲ್ಲ, ಇವನ್ನೆಲ್ಲ ಸುಮ್ಮನೆ ನೋಡುವ ಸಾಕ್ಷಿ ನಾನು ಎಂದು ಮೇಷ್ಟ್ರು ತಾರಕಕ್ಕೇರುವುದಕ್ಕೂ ಮೈಕು ಕಿರುಚುವುದಕ್ಕೂ ಸರಿಹೋಯಿತು. ನೂರಿಪ್ಪತ್ತು ಸಾಕ್ಷಿಗಳೂ ಕಿವಿ ಮುಚ್ಚಿಕೊಂಡು ಬಗ್ಗಿದರು. ಮೇಷ್ಟ್ರು ವೈರನ್ನೇ ಕಿತ್ತೆಸೆದರು. ಅಷ್ಟು ಹೊತ್ತೂ ಮೈಕಣ್ಣ ಆರಾಮವಾಗಿ ಕನ್ನಡಕ ಒರೆಸುತ್ತಾ ಕೂತಿದ್ದ.

“ನೋಡಿ ಅಲ್ಲಿ!” ಎಂದರು ಮೇಷ್ಟ್ರು. “ನಾವೆಲ್ಲ ಒದ್ದಾಡಿಹೋದ್ವಿ. ಅವರ ರೆಪ್ಪೆಯಾದ್ರೂ ಅಲುಗಿತಾ? ಸಾಕ್ಷಿ ಅಂದ್ರೆ ಇದು!”

ಎಲ್ಲರೂ ತಿರುಗಿದರು. ಮೈಕು ಕೂಗಿರಬೇಕು, ಸಿಕ್ಕಿಬಿದ್ದೆ ಎಂದುಕೊಂಡು ಮೈಕಣ್ಣ ಎದ್ದು ಕೈಮುಗಿದ. “ಎಲ್ಲಾ ನನ್ನದೇ ತಪ್ಪು. ಹೊಟ್ಟೆಗೆ ಹಾಕ್ಕೊಳ್ಳಿ.”

ಅಬ್ಬಬ್ಬಾ, ಏನು ವಿನಯ! ಮುಂದಿನ ಸಾಲಿನ ಇಬ್ಬರು ಹೆಂಗಸರು ಕಣ್ಣೊರೆಸಿಕೊಂಡರು.

ತರಗತಿಗೆ ಹೋಗಿದ್ದ ಪಕ್ಕದ ಮನೆಯಾಕೆಯಿಂದ ಹೆಂಡತಿಗೆ ಸುದ್ದಿ ಮುಟ್ಟಿತು. “ನಿಮ್ಮನ್ನ ಜ್ಞಾನಿ ಅಂತಿದಾರೆ ರೀ!” ಎಂದು ಅವನ ಕಿವಿಯ ಹತ್ತಿರ ಕೂಗಿ, ನಗು ತಡೆಯಲಾರದೆ ನೆಲದ ಮೇಲೇ ಕೂತಳು. ಮೈಕಣ್ಣ ನಗಲಿಲ್ಲ. ಜ್ಞಾನಿ ಅಂದರೆ ಅನ್ನಲಿ, ಕತ್ತೆ ಅಂದರೆ ಅನ್ನಲಿ, ಮೇಜು ಉಳಿಯಿತಲ್ಲ ಎಂದುಕೊಂಡ.

ಅಲ್ಲಿಂದ ಮುಂದೆ ಮೈಕು ವಾರವಾರವೂ ಕಿರುಚಿತು. ಜನ ಹಲ್ಲುಕಚ್ಚಿಕೊಂಡು ಹಿಂದೆ ತಿರುಗಿ ಅವನ ಮುಖ ನೋಡುವುದು ಅಭ್ಯಾಸವಾಯಿತು. ಅವನ ಕುರ್ಚಿಗೆ ಮೆತ್ತೆ ಬಂತು. ತರಗತಿ ಮುಗಿದ ಮೇಲೆ ಸುತ್ತ ನಿಂತು ಸಂದೇಹ ಕೇಳತೊಡಗಿದರು. ಕೇಳಿಸದ್ದಕ್ಕೆಲ್ಲ ಅವನದು ಒಂದೇ ನಗು. ಮೇಷ್ಟ್ರ ಒಂದು ಗಂಟೆಯ ವ್ಯಾಖ್ಯಾನಕ್ಕಿಂತ ಆ ನಗುವಿನಲ್ಲೇ ಹೆಚ್ಚು ಅರ್ಥವಿದೆ ಎಂಬ ಮಾತು ಹಬ್ಬಿ, ಮೇಷ್ಟ್ರಿಗೇ ಸ್ವಲ್ಪ ಹೊಟ್ಟೆಯುರಿ ಶುರುವಾಯಿತು.

ಒಂದು ದಿನ ಎಲ್ಲರೂ ಹೋದ ಮೇಲೆ ಬೀಗ ರಿಪೇರಿಯವನೊಬ್ಬ ಮೇಜಿನ ಪಕ್ಕ ಕುಕ್ಕರುಗಾಲಲ್ಲಿ ಕೂತ. ಅವನದು ದಪ್ಪ ದನಿ. ಒಂದು ಮಾತೂ ತಪ್ಪದೆ ಮೈಕಣ್ಣನಿಗೆ ಕೇಳಿಸಿತು.

“ಅಣ್ಣಾ, ನಮ್ಮಮ್ಮನಿಗೆ ಮರೆವಿನ ಕಾಯಿಲೆ. ಬೆಳಗಿಂದ ಸಂಜೆತನಕ ಕಿರುಚ್ತಾಳೆ. ‘ಯಾರೋ ನೀನು, ಯಾರೋ ನೀನು’ ಅಂತ ನನ್ನನ್ನೇ ಕೇಳ್ತಾಳೆ. ಮೊನ್ನೆ ಕೈ ಎತ್ತಿಬಿಟ್ಟೆ, ಅಣ್ಣಾ. ಹೆತ್ತ ತಾಯಿ ಮೇಲೆ.” ಅವನು ಆ ಕೈಯನ್ನೇ ನೋಡಿಕೊಂಡ. “ಯಾವ ಶಬ್ದಾನೂ ನಿಮಗೆ ತಾಕಲ್ಲವಲ್ಲ. ಅದು ಹೇಗೆ ಅಂತ ನನಗೂ ಹೇಳಿಕೊಡಿ.”

ಎಂದಿನಂತೆ ನಗೋಣವೆಂದರೆ ನಗು ಬರಲಿಲ್ಲ. ನಾಲ್ಕು ಮೇಷ್ಟ್ರುಗಳ ಮಾತು ಬೇಕಾದಷ್ಟಿತ್ತು, ಒಂದನ್ನು ಎತ್ತಿ ಒಗೆದರೆ ಮುಗಿಯುತ್ತಿತ್ತು. ಆದರೆ ಈ ಪುಣ್ಯಾತ್ಮ ಅದನ್ನು ನಂಬಿಕೊಂಡು ಮನೆಗೆ ಹೋಗುವವನು. ಅಲ್ಲಿ ಆ ತಾಯಿ ಇದ್ದಾಳೆ.

“ನನಗೆ ಕಿವಿ ಕೇಳಿಸಲ್ಲಪ್ಪ,” ಎಂದ ಮೈಕಣ್ಣ. “ಜ್ಞಾನಾನೂ ಇಲ್ಲ, ಗೀನಾನೂ ಇಲ್ಲ. ಕೇಳಿಸಿದ್ರೆ ಎಲ್ಲರಿಗಿಂತ ಮೊದಲು ಹಾರಿಬೀಳ್ತಿದ್ದೋನು ನಾನೇ.”

ಬೀಗದವನು ಅವನನ್ನೇ ದಿಟ್ಟಿಸಿದ. “ಹಾಗಾದ್ರೆ ಇದು ಯಾರ ಕೈಲೂ ಆಗದ ಕೆಲಸಾನಾ?” ಎಂದವನು ಉತ್ತರಕ್ಕೂ ಕಾಯದೆ ಎದ್ದು ಹೋದ. ಮೈಕಣ್ಣ ನಾಚಿಕೆಯಿಂದ ಹಿಡಿಯಷ್ಟಾದ. ಆ ನಾಚಿಕೆ ಆರುವ ಮೊದಲೇ ಮೇಷ್ಟ್ರ ಬಳಿ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟ.

ಮೇಷ್ಟ್ರು ಗಾಬರಿಯಿಂದ ಅತ್ತಿತ್ತ ನೋಡಿದರು. “ಮೆಲ್ಲಗೆ ಹೇಳಿ, ಮಾರಾಯ್ರೇ! ಅಲ್ಲ, ಆತ್ಮಕ್ಕೆ ಕಿವಿಯೇ ಇಲ್ಲ ಅಂದಮೇಲೆ ಕಿವುಡ ಯಾರು?”

“ನಾನು, ಮೇಷ್ಟ್ರೇ.”

“ಈಗ ಜನ ನಿಮ್ಮನ್ನ ನೋಡೋಕೇ ಬರ್ತಿದಾರೆ, ಗೊತ್ತಾ?”

“ಅದಕ್ಕೇ ಹೇಳ್ತಿರೋದು.”

ಮುಂದಿನ ಭಾನುವಾರ ತಾನೇ ಮೈಕು ಹಿಡಿದು ಎಲ್ಲರಿಗೂ ಹೇಳಿದ. ಕೆಲವರು ಮೋಸಗಾರ ಎಂದರು, ಕೆಲವರು ಅಯ್ಯೋ ಪಾಪ ಎಂದರು. ಕಿರುಚಾಟವನ್ನು ತಾನೇ ಅಡಗಿಸುವ ಹೊಸ ಯಂತ್ರವೊಂದು ಆ ವಾರವೇ ಬಂತು. ಮೈಕಣ್ಣ ವೈರುಗಳನ್ನು ನೀಟಾಗಿ ಸುತ್ತಿಟ್ಟು, ಮೇಜು ಒರೆಸಿ, ಮೆಟ್ಟಿಲಿಳಿಯುವಾಗ ಅತ್ತ. ಇಪ್ಪತ್ತೆರಡು ವರ್ಷ ಅಂದರೆ ಸುಮ್ಮನೆ ಮಾತೇ?

ನಾಲ್ಕು ದಿನ ಮನೆಯಲ್ಲಿ ಗೋಡೆ ನೋಡಿದ. ಐದನೆಯ ದಿನ ಬೀಗದವನ ಅಂಗಡಿ ಹುಡುಕಿಕೊಂಡು ಹೋದ.

“ಮಧ್ಯಾಹ್ನ ನಿಮ್ಮಮ್ಮನ ಹತ್ತಿರ ನಾನು ಕೂರ್ತೀನಿ. ನೀನು ಒಂದೆರಡು ಗಂಟೆ ಮಲಗು. ಅವರು ಎಷ್ಟು ಕಿರುಚಿದ್ರೂ ನನಗೆ ತಾಕಲ್ಲ. ಈ ಸಲ ಸುಳ್ಳಲ್ಲ.”

ಅಂಗಡಿಯ ಹಿಂದಿನ ಕೋಣೆಯಲ್ಲಿ ಕಬ್ಬಿಣದ ಮಂಚ, ಅದರ ಮೇಲೆ ಹಿಡಿಗಾತ್ರದ ಮುದುಕಿ. ಅವನನ್ನು ಕಂಡದ್ದೇ ತಡ, ಬಾಯಿ ದೊಡ್ಡದಾಗಿ ತೆರೆದಳು. ಕತ್ತಿನ ನರ ಉಬ್ಬಿದ್ದು ಕಂಡಿತು, ದನಿ ಮಾತ್ರ ಗೋಡೆಯಾಚೆಯಿಂದ ಬಂದಷ್ಟು. ಮೈಕಣ್ಣ ಬಾಗಿಲಲ್ಲೇ ನಿಂತಿದ್ದ. ಕಿರುಚಿ ಕಿರುಚಿ ಸುಸ್ತಾದ ಮೇಲೆ ಅವಳು ಅವನನ್ನು ಹತ್ತಿರ ಕರೆದು, ಅಂಗಿಯ ಕಾಲರು ಹಿಡಿದು ಬಗ್ಗಿಸಿಕೊಂಡು, ಒಡಕು ದನಿಯಲ್ಲಿ ಕೇಳಿದಳು.

“ಯಾರೋ ನೀನು?”

“ನಾನು ಮೈಕಿನ...” ಎಂದವನ ಬಾಯಿ ಅಲ್ಲೇ ನಿಂತಿತು. ಮೈಕೆಲ್ಲಿದೆ? ಜ್ಞಾನಿ ಎನ್ನೋಣವೆಂದರೆ ಆ ಪಟ್ಟವೂ ಮೆತ್ತೆಯ ಜೊತೆಗೇ ಹೋಯಿತು. ಹೇಳಿಕೊಳ್ಳಲು ಇನ್ನೇನಿದೆ ಎಂದು ತಡಕಾಡಿದ. ಏನೂ ಸಿಗಲಿಲ್ಲ. ಸಿಗಲಿಲ್ಲ ಎಂದು ತಡಕಾಡುವವನು ಮಾತ್ರ ಎಲ್ಲಿಗೂ ಹೋಗಿರಲಿಲ್ಲ. ಇಷ್ಟು ದಿನ ಎದೆ ಹಿಂಡಿದ ಹೆದರಿಕೆ ಯಾವಾಗ ಬಿಟ್ಟುಹೋಯಿತೋ ಅವನಿಗೇ ತಿಳಿಯಲಿಲ್ಲ.

“ಇಲ್ಲೇ ಇದೀನಿ, ತಾಯಿ,” ಎಂದ.

ಮುದುಕಿ ಅವನನ್ನು ಮೇಲಿಂದ ಕೆಳಗೆ ನೋಡಿದಳು. ಕಾಲರು ಬಿಟ್ಟಳು.

“ಸರಿ ಮತ್ತೆ. ಸುಮ್ನೆ ಕೂತ್ಕೋ.”

ನಾಲ್ಕು ಮೇಷ್ಟ್ರುಗಳು ಇಷ್ಟು ವರ್ಷ ಎಳೆದೂ ಎಳೆದೂ ಹೇಳಿದ್ದನ್ನು ಈ ಮುದುಕಿ ಎರಡು ಮಾತಿಗೆ ಮುಗಿಸಿದಳಲ್ಲ ಎಂದು ಮೈಕಣ್ಣನಿಗೆ ಸಿಟ್ಟೂ ಬಂತು, ನಗುವೂ ಬಂತು. ಸ್ಟೂಲು ಎಳೆದುಕೊಂಡು ಕೂತ.